ನ್ಯಾಯ ನಿನ್ನದು, ರೊಕ್ಕ ನಮ್ಮದು

ಧಾರವಾಡದಾಗ ಹೆಬ್ಬಳ್ಳಿ ಅಗಸಿ ಅಂತ ಒಂದು ಓಣಿ ಐತಿ. ಕೋಟೆ ಹೋಯಿತು, ಅಗಸಿಯ ಹೆಸರು ಉಳಿಯಿತು. ಅಗಸಿ ಎಂದರೆ ಯಾರು ಒಳಗೆ, ಯಾರು ಹೊರಗೆ ಎಂದು ಗೊತ್ತುಮಾಡುವ ಜಾಗ. ಇದೇ ಊರಿನಲ್ಲಿ ಇನ್ನೊಂದು ಅಗಸಿ ಇತ್ತು. ಅದು ಸರ್ಕಾರಿ ಸಾಲಿಯ ಬಾಗಿಲು. ಅದನ್ನು ಕಾಯುತ್ತಿದ್ದವರು ಜಾತಿಯವರು. ಆದರೆ ಅದರ ಅಗುಳಿ ಸರ್ಕಾರದ ಜಮಾ-ಖರ್ಚಿನ ಪುಸ್ತಕದಲ್ಲಿತ್ತು.

1856ರ ಜೂನ್ ತಿಂಗಳು. ಧಾರವಾಡ ಆಗ ಮುಂಬಯಿ ಸರ್ಕಾರದ ಕೈಯಲ್ಲಿತ್ತು. ಮಹಾರ ಜಾತಿಯ ಹುಡುಗನೊಬ್ಬ ಇಲ್ಲಿಯ ಸರ್ಕಾರಿ ಸಾಲಿಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಅರ್ಜಿ ಕೊಟ್ಟ. ಇಲಾಖೆ ಒಪ್ಪಲಿಲ್ಲ. ಅಂವ ಸುಮ್ಮನೆ ಕೂಡಲಿಲ್ಲ; ಮುಂಬಯಿ ಸರ್ಕಾರಕ್ಕೇ ಬರೆದ. ಅಕ್ಷರ ಕೊಡದ ಸರ್ಕಾರದ ಮುಂದೆ ಅಕ್ಷರದಲ್ಲೇ ನಿಂತ ಹುಡುಗ ಅಂವ.

ಜುಲೈನಲ್ಲಿ ಉತ್ತರ ಬಂತು. ಅದರ ತಿರುಳು ಇಷ್ಟೇ: ನ್ಯಾಯ ಅರ್ಜಿದಾರನ ಕಡೆಗೇ ಇದೆ, ಅನುಮಾನವಿಲ್ಲ. ಆದರೆ ಒಬ್ಬಿಬ್ಬರ ಸಲುವಾಗಿ ತಲೆತಲಾಂತರದ ನಂಬಿಕೆಗೆ ಕೈ ಹಾಕಿದರೆ ಶಿಕ್ಷಣದ ಕೆಲಸವೇ ಕೆಟ್ಟೀತು. ಈ ತೊಂದರೆ ನಾವು ಹುಟ್ಟಿಸಿದ್ದಲ್ಲ, ಒಮ್ಮೆಲೇ ತೆಗೆಯಲಿಕ್ಕೂ ನಮ್ಮಿಂದ ಆಗದು.

ಎಂಥ ಸಭ್ಯ ಭಾಷೆ ನೋಡಿರಿ. ಬೈಯ್ಯಲಿಲ್ಲ, ಹೊಡೆಯಲಿಲ್ಲ. ನ್ಯಾಯ ನಿನ್ನದಪ್ಪಾ ಅಂತ ಬೆನ್ನು ಸವರಿ ಹೊರಗೆ ಕಳಿಸಿದರು.

ಈ ಮಾತು ಆ ದಿನ ಹುಟ್ಟಿದ್ದಲ್ಲ. 1820ರ ದಶಕದಲ್ಲೇ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ ಬರೆದಿಟ್ಟಿದ್ದ: ಕೆಳಜಾತಿಯವರೇ ಚೆನ್ನಾಗಿ ಕಲಿಯುತ್ತಾರೆಂದು ಮಿಶನರಿಗಳು ಹೇಳುತ್ತಾರೆ, ಆದರೆ ಅವರಿಗೆ ಪ್ರೋತ್ಸಾಹ ಕೊಡುವಾಗ ಹುಷಾರಾಗಿರಬೇಕು, ವಿದ್ಯೆ ಮೊದಲು ಅವರಲ್ಲಿ ಬೇರುಬಿಟ್ಟರೆ ಮೇಲಿನವರು ಮುಟ್ಟಲಿಕ್ಕಿಲ್ಲ. ಮುಂದೆ ಮುಂಬಯಿಯ ಶಿಕ್ಷಣ ಮಂಡಳಿ ಇದಕ್ಕೆ ಲೆಕ್ಕದ ಅಂಗಿ ತೊಡಿಸಿತು. ಇರುವ ಹಣ ಸ್ವಲ್ಪ, ಎಲ್ಲರಿಗೂ ಸಾಲದು, ಆದ್ದರಿಂದ ಮೊದಲು ಮೇಲುವರ್ಗಕ್ಕೆ ಎಂದಿತು. ಹಣ ಕಡಿಮೆ ಇದ್ದದ್ದು ನಿಜವೇ. ಆದರೆ ಕಡಿಮೆ ಇದ್ದಾಗ ಯಾರ ಎಲೆಗೆ ಮೊದಲು ಬಡಿಸುವುದು ಎಂಬುದು ಲೆಕ್ಕವಲ್ಲ, ರಾಜಕಾರಣ.

ಹುಡುಗನ ಕಡತ ಧಾರವಾಡಕ್ಕೆ ನಿಲ್ಲಲಿಲ್ಲ. 1857ರ ಜನವರಿಯಲ್ಲಿ ಭಾರತ ಸರ್ಕಾರ, ಬಂಗಾಲದ ಯಾವ ಸರ್ಕಾರಿ ಸಾಲಿಯಲ್ಲೂ ಈ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಎಂದು ಬರೆಯಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರಿ ಸಾಲೆಗಳು ಎಲ್ಲ ವರ್ಗಕ್ಕೂ ತೆರೆದಿರಬೇಕು, ಕೆಲವರು ಬಿಟ್ಟುಹೋದರೂ ಚಿಂತೆಯಿಲ್ಲ ಎಂದರು.

ಹಾಗಾದರೆ ಬಾಗಿಲು ತೆರೆಯಿತೇ? ಇಲ್ಲೇ ಐತಿ ಕೀಲಿ. 1858ರಲ್ಲಿ ಮುಂಬಯಿ ಸರ್ಕಾರ ಪ್ರಕಟಿಸಿದ ನೀತಿ ಹೀಗಿತ್ತು: ಪೂರ್ತಿ ಸರ್ಕಾರದ ಖರ್ಚಿನಿಂದಲೇ ನಡೆಯುವ ಸಾಲೆ ಎಲ್ಲರಿಗೂ ತೆರೆದಿರುತ್ತದೆ. ಊರವರೂ ವಂತಿಗೆ ಕೊಟ್ಟು ನಡೆಸುವ ಸಾಲೆಯಲ್ಲಿ, ಅವರು ಬೇಡವೆಂದರೆ, ಕೆಳಜಾತಿಯ ಮಕ್ಕಳನ್ನು ಸರ್ಕಾರ ಒಳಗೆ ತರುವುದಿಲ್ಲ. ಅಂಥ ಸಾಲೆಗೆ ಸಹಾಯ ನಿಲ್ಲಿಸುವ ಹಕ್ಕು ಮಾತ್ರ ತನಗಿರಲಿ ಎಂದಿತು.

ಆಗಿನ ಪದ್ಧತಿಯೇ ಅರ್ಧ ಖರ್ಚು ಊರವರದು, ಅರ್ಧ ಸರ್ಕಾರದ್ದು ಎಂಬಂಥದ್ದು. ವಂತಿಗೆ ಕೊಡುವ ಶಕ್ತಿ ಯಾರಿಗಿತ್ತು? ಗೌಡರಿಗೆ, ಕುಲಕರ್ಣಿಗಳಿಗೆ, ಸಾಹುಕಾರರಿಗೆ. ಹೀಗೆ ಅಸ್ಪೃಶ್ಯತೆಗೆ ಒಂದು ದರ ಗೊತ್ತಾಯಿತು. ಸಾಲಿಯ ಅರ್ಧ ಖರ್ಚು ಕೊಡು, ಬಾಗಿಲು ನಿನ್ನ ಕೈಗೆ.

1860ರ ದಶಕದಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆ ಪಟ್ಟಿ ಬಂತು. ಅದರಲ್ಲಿ ಮೂರನೆಯ ಒಂದು ಪಾಲು ಸಾಲೆಗೆ. ಪಟ್ಟಿ ತುಂಬಿದವರು ಹೊಲದ ಒಡೆಯರು, ನಿಜ. ಆ ಹೊಲದಾಗ ಕಳೆ ಕಿತ್ತವರು, ರಾಶಿ ಮಾಡಿದವರು ಯಾರು? ಅವರ ಬೆವರು ಕಂದಾಯವಾಯಿತು, ಕಂದಾಯ ಸಾಲಿಯಾಯಿತು, ಆ ಸಾಲಿಯೊಳಗೆ ಅವರ ಮಕ್ಕಳಿಗೆ ಜಾಗ ಇರಲಿಲ್ಲ. 1881-82ರಲ್ಲಿ ಮುಂಬಯಿ ಪ್ರಾಂತ್ಯದ ಪ್ರಾಥಮಿಕ ಸಾಲೆಗಳಲ್ಲಿ 3 ಲಕ್ಷಕ್ಕೂ ಮಿಕ್ಕಿ ಮಕ್ಕಳಿದ್ದರು. ಅದರಲ್ಲಿ ಕೆಳಜಾತಿಯವರೆಂದು ಬರೆದದ್ದು 2,862. ನೂರಕ್ಕೆ ಒಂದೂ ಇಲ್ಲ. 1882ರ ಹಂಟರ್ ಆಯೋಗ ಜಾತಿಯ ಕಾರಣಕ್ಕೆ ಯಾರನ್ನೂ ಹೊರಗಿಡಬಾರದೆಂದಿತು. ಜೊತೆಗೇ, ಜಾಗ್ರತೆಯಿಂದ ಜಾರಿ ಮಾಡಿರಿ ಎಂದು ಸೇರಿಸಿತು. ಆ ಜಾಗ್ರತೆ ಎಷ್ಟು ದೀರ್ಘವಾಯಿತೆಂದರೆ, ಸಾರ್ವಜನಿಕ ಸಾಲೆ, ಕೆರೆ, ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಲಿ ಎಂದು ಮುಂಬಯಿ ಶಾಸನಸಭೆಯಲ್ಲಿ ಬೋಲೆಯವರು ಮತ್ತೆ ಠರಾವು ಮಂಡಿಸಬೇಕಾಯಿತು. ಅದು 1923. ಧಾರವಾಡದ ಹುಡುಗನ ಅರ್ಜಿಗೆ ಆಗ 67 ವರ್ಷ.

ಆ ಹುಡುಗನ ಕಡತವನ್ನು 1928ರಲ್ಲಿ ಸೈಮನ್ ಆಯೋಗದ ಮುಂದೆ ಹರವಿ ಇಟ್ಟವರು ಬಾಬಾಸಾಹೇಬ ಅಂಬೇಡ್ಕರ್. ಅದೇ ವರ್ಷ ಅವರ ಸಂಸ್ಥೆಯ ಕೈಗೆ ಹೈಸ್ಕೂಲು ಹುಡುಗರ ಐದು ವಸತಿನಿಲಯಗಳು ಬಂದವು. ಅದರಲ್ಲಿ ಒಂದು ಧಾರವಾಡದ್ದು. ಸರ್ಕಾರದ ಅನುದಾನ ಸಾಲುತ್ತಿರಲಿಲ್ಲ. ಬಾಬಾಸಾಹೇಬರು ದಾನಿಗಳ ಬಾಗಿಲು ತಟ್ಟಿದರು. ಇಲ್ಲಿಯ ನಿಲಯ ನೋಡಿಕೊಳ್ಳುತ್ತಿದ್ದವರು ಬಳವಂತರಾವ್ ವರಾಳೆ. ಒಮ್ಮೆ ಅನುದಾನ ತಡವಾಗಿ ಹುಡುಗರು ಉಪವಾಸ ಬಿದ್ದಾಗ, ಧಾರವಾಡಕ್ಕೆ ಬಂದಿದ್ದ ರಮಾಬಾಯಿ ತಮ್ಮ ಕೈಯ ಬಳೆ ಬಿಚ್ಚಿ ಕೊಟ್ಟರೆಂಬ ಮಾತು ನಮ್ಮ ಜನರ ಬಾಯಲ್ಲಿ ಇಂದಿಗೂ ಐತಿ. ಬಜೆಟ್ಟು ಎಂದರೇನು ಎಂದು ಯಾರಾದರೂ ಕೇಳಿದರೆ ಈ ಬಳೆ ತೋರಿಸಬೇಕು.

ಇವೆಲ್ಲ ಬ್ರಿಟಿಷರ ಕಾಲದ ಕತೆ ಅಂತ ಮಗುಚಿ ಇಡುವಂತಿಲ್ಲ. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ನೂರಕ್ಕೆ 6 ಪಾಲು ಬೇಕೆಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. ಇಂದಿಗೂ ಆ ಗೆರೆ ಮುಟ್ಟಿಲ್ಲ. ಕರ್ನಾಟಕದಲ್ಲಿ ದಲಿತರ ಪಾಲಿನ ಹಣಕ್ಕೆಂದು 2013ರಲ್ಲಿ ಕಾಯ್ದೆಯೇ ಬಂತು. ಅದರೊಳಗೆ 7(ಡಿ) ಎಂಬ ಕಂಡಿ. ಎಲ್ಲರೂ ಓಡಾಡುವ ರಸ್ತೆಯ ಖರ್ಚನ್ನೂ ದಲಿತರ ಲೆಕ್ಕಕ್ಕೆ ಬರೆಯಲಿಕ್ಕೆ ದಾರಿಯಾದ ಕಂಡಿ ಅದು. ಮುಚ್ಚಿದ್ದು 2023ರಲ್ಲಿ, ಹತ್ತು ವರ್ಷದ ಕೂಗಿನ ಮೇಲೆ. ಆಮೇಲೂ ಅದೇ ಹಣವನ್ನು ಗ್ಯಾರಂಟಿ ಯೋಜನೆಗಳಿಗೆ ತಿರುಗಿಸಿದರೆಂದು ಜಗಳ ಎದ್ದಿತು.

ನ್ಯಾಯ ನಿಮ್ಮದೇ ಎಂದು ಇವತ್ತಿನ ಸರ್ಕಾರಗಳೂ ಹೇಳುತ್ತವೆ. 1856ರಲ್ಲೂ ಅದನ್ನೇ ಹೇಳಿದ್ದರು. ಆದ್ದರಿಂದ ಗೆಳೆಯರೇ, ಮಂತ್ರಿಗಳ ಭಾಷಣ ಕೇಳಿ ಚಪ್ಪಾಳೆ ಹೊಡೆಯುವ ಮೊದಲು ಜಮಾ-ಖರ್ಚಿನ ಪುಸ್ತಕ ಕೇಳಿರಿ. ಯಾವ ಹಾಸ್ಟೆಲಿಗೆ ಎಷ್ಟು, ಯಾವ ತಿಂಗಳಿಗೆ, ಮುಟ್ಟಿತೋ ಇಲ್ಲೋ, ಸಾಲು ಸಾಲು ಓದಿರಿ. ಅಗುಳಿ ಇರುವುದು ಅಲ್ಲೇ.