ಅಳೆಯುವ ಸೇರು, ತೂಗುವ ಸೇರು

ಭೀಮೆಯ ತಡಿಯ ಇಂಡಿ, ಸಿಂದಗಿಗಳಲ್ಲಿಯೂ ಡೋಣಿ ಹರಿದುಹೋಗುವ ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಎರೆಭೂಮಿಯಲ್ಲಿಯೂ ಹಿಂಗಾರಿಯ ಬಿಳಿಜೋಳವೇ ಜನರ ಜೀವಾಧಾರವಾಗಿದ್ದುದರಿಂದ, ಆ ಸೀಮೆಯ ಅಳತೆಯ ಚರಿತ್ರೆಯು ಬಹುಮಟ್ಟಿಗೆ ಜೋಳವನ್ನು ಅಳೆದ ಚರಿತ್ರೆಯೇ ಆಗಿದೆ. ಕಣದಲ್ಲಿ ರಾಶಿಯನ್ನು ಪೂಜಿಸಿ, ಮೊದಲ ಸೇರನ್ನು ‘ಒಂದು’ ಎನ್ನದೆ ‘ಲಾಭ’ವೆಂದು ಎಣಿಸಿ, ಆಯಗಾರರಿಗೆ ಅವರವರ ಪಾಲನ್ನು ಮೊಗೆದು ಕೊಡುತ್ತಿದ್ದ ರೈತನಿಗೆ ತಕ್ಕಡಿಯ ಅವಶ್ಯಕತೆಯೇ ತೋರುತ್ತಿರಲಿಲ್ಲ, ಧಾನ್ಯವು ಪೇಟೆಯನ್ನು ಸೇರಿದಾಗಲೇ ತೂಕದ ಪ್ರಶ್ನೆ ಏಳುತ್ತಿದ್ದುದು.

ಒಂದು ಪ್ರಮಾಣವನ್ನು ಮತ್ತೊಂದಕ್ಕೆ ತಿರುಗಿಸುವ ಲೆಕ್ಕ ಈ ನೆಲಕ್ಕೆ ಹೊಸತಲ್ಲ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ದೊರೆತ 500 ನಿವರ್ತನ ಭೂಮಿಯನ್ನು ಕ್ರಿ.ಶ. 945ರ ಸ್ತಂಭಶಾಸನವು ಹೇಳುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ಪೋಷಣೆಗೆಂದು ಅಂಥ ದತ್ತಿಯನ್ನು ವಿನಿಯೋಗಿಸುವಾಗ ಭೂಮಿಯ ವಿಸ್ತಾರವು ಧಾನ್ಯವಾಗಿಯೂ, ಧಾನ್ಯವು ಎಲೆಯ ಮೇಲಣ ಅನ್ನವಾಗಿಯೂ ಎಣಿಕೆಗೆ ಬರಬೇಕಷ್ಟೆ.

ಬ್ರಿಟಿಷರ ಕಾಲದ ತೂಕದ ಸೇರು 80 ತೊಲೆಯದು. ಬೆಳ್ಳಿಯ ರೂಪಾಯಿಯೊಂದು ಸರಿಯಾಗಿ ಒಂದು ತೊಲೆ ತೂಗುತ್ತಿದ್ದುದರಿಂದ, ಎಂಬತ್ತು ರೂಪಾಯಿಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟರೆ ಸೇರಿನ ಭಾರ, ಅಂದರೆ ಇಂದಿನ ಸುಮಾರು 933 ಗ್ರಾಂ, ಕೈಗೆ ಸಿಗುತ್ತಿತ್ತು. ಅಂಥ 40 ಸೇರಿಗೆ ಒಂದು ಮಣ. ಅಳತೆಯ ಸೇರಾದರೋ ಒಂದು ಪಾತ್ರೆ. ಅಚ್ಚೇರು, ಪಾವುಸೇರುಗಳು ಅದರ ಅಂಶಗಳು. ಬಾಯಿಮಟ್ಟಕ್ಕೆ ಸವರಿ ಅಳೆದುದಕ್ಕೂ ಮೇಲೆ ಗೋಪುರ ನಿಲ್ಲುವಂತೆ ತುಂಬಿ ಅಳೆದುದಕ್ಕೂ ಇರುವ ಅಂತರವು ಕೊಡುವವನ ಮನಸ್ಸನ್ನೇ ಹೊರಗೆಡಹುತ್ತಿತ್ತು. ಒಂದು ಲೀಟರು ನೀರು ಒಂದು ಕಿಲೋ ತೂಗಿದರೆ, ಅದೇ ಪಾತ್ರೆಯ ಜೋಳ ಮುಕ್ಕಾಲು ಕಿಲೋದ ಆಸುಪಾಸಿನಲ್ಲಿ ನಿಲ್ಲುತ್ತದೆ. ಬೀಸಿದ ಹಿಟ್ಟು ಗಾಳಿಯನ್ನೊಳಗೊಂಡು ಇನ್ನೂ ಹಗುರಾಗುತ್ತದೆ, ಕುಟ್ಟಿ ಒತ್ತಿದರೆ ಮತ್ತೆ ಭಾರವಾಗುತ್ತದೆ.

ಅಡುಗೆಮನೆಯ ಹೆಂಗಸರು ಈ ಸೂಕ್ಷ್ಮವನ್ನು ಕೋಷ್ಟಕದ ನೆರವಿಲ್ಲದೆ ಅರಿತಿದ್ದರು. ನುಚ್ಚಿಗೆ ನೀರನ್ನೂ ರೊಟ್ಟಿಯ ಹಿಟ್ಟಿಗೆ ಕುದಿವ ಎಸರನ್ನೂ ಅದೇ ಅಚ್ಚೇರಿನ ಪ್ರಮಾಣದಲ್ಲಿ ಹೊಂದಿಸಿ, ಹಿಟ್ಟಿಗೆ ಜಿಗಿ ಸಾಲದಿದ್ದರೆ ಎಸರಿನಿಂದಲೇ ಅದನ್ನು ಸರಿಪಡಿಸುತ್ತಿದ್ದ ಅವರ ಕೈಗೆ ತೂಕವು ತಿಳಿಸಬಹುದಾದುದು ಸ್ವಲ್ಪವೇ. ಉಪ್ಪು, ಬೆಲ್ಲ, ಬೆಳ್ಳುಳ್ಳಿಗಳು ಮಾತ್ರ ಅಂಗಡಿಯಿಂದ ತೂಕವಾಗಿ ಬಂದು ಚಿಟಿಕೆ, ಹಿಡಿಗಳಾಗಿ ಒಲೆಯನ್ನು ಸೇರುತ್ತಿದ್ದವು. ಇದು ಅಜ್ಞಾನದ ಒರಟು ಅಂದಾಜೆಂದು ತಿಳಿಯುವುದು ತಪ್ಪು. ಧಾನ್ಯದ ಸ್ಥಿತಿಯನ್ನು ಪ್ರತಿದಿನವೂ ನೋಡಿ ತಿದ್ದಿಕೊಳ್ಳುವ ವಿದ್ಯೆಯೆಂದೇ ನಾನು ಭಾವಿಸುತ್ತೇನೆ.

ಆಗ ಈ ಸೀಮೆಯನ್ನು ಆಳುತ್ತಿದ್ದ ಮುಂಬಯಿ ಸರಕಾರವು 1932ರ ಶಾಸನದಿಂದ ಮಾನಗಳನ್ನು ಏಕರೂಪಗೊಳಿಸಲು ಯತ್ನಿಸಿತು. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ 1956ರಲ್ಲಿಯೇ ಮೆಟ್ರಿಕ್ ಮಾನದ ಕೇಂದ್ರಶಾಸನವೂ ಬಂದು, 1958ರ ಅಕ್ಟೋಬರಿನಿಂದ ದೇಶದಲ್ಲಿ ಹಂತಹಂತವಾಗಿ ಜಾರಿಯಾಯಿತು. ಪೇಟೆಯಲ್ಲಿ ಮಣವು ಹೋಗಿ ಕ್ವಿಂಟಲು ಬಂದಿತು. ಆದರೆ ಗಿರಣಿಗೆ ಕಳುಹಿಸುವ ಜೋಳವನ್ನು ಸೇರಿನಿಂದಲೇ ಅಳೆಯುವ ವಾಡಿಕೆ ಹಳ್ಳಿಯ ಮನೆಗಳಲ್ಲಿ ಬಹುಕಾಲ ಉಳಿಯಿತು. ಆದಕಾರಣ, ಹಿರಿಯ ಹೆಂಗಸರ ಬಾಯಿಂದ ಈ ಸೀಮೆಯ ಅಡುಗೆಯನ್ನು ಬರೆದಿಡಹೊರಟವರು ‘ಒಂದು ಸೇರು’ ಎಂಬಲ್ಲಿಗೆ ನಿಲ್ಲದೆ, ಯಾವ ಮನೆಯ ಸೇರು, ಸವರಿದ್ದೋ ತುಂಬಿದ್ದೋ, ಕಾಳೋ ಹಿಟ್ಟೋ ಎಂಬುದನ್ನು ಕೇಳಿ, ಆ ಪಾತ್ರೆಯನ್ನೇ ತರಿಸಿ, ಆ ಮನೆಯ ಜೋಳವನ್ನೇ ತುಂಬಿಸಿ, ಆಮೇಲೆ ತೂಗಿ ಗ್ರಾಮನ್ನು ಬರೆದುಕೊಳ್ಳಬೇಕು.