ನದಿಯ ನೀರಿನ ಲೆಕ್ಕ

ನದಿಗಳು ಹಗಲಿರುಳೂ ಸಮುದ್ರಕ್ಕೆ ನೀರನ್ನು ಸುರಿಯುತ್ತಿವೆ. ಆದರೂ ಸಮುದ್ರವು ಅದರಿಂದ ಉಕ್ಕಿ ದಡವನ್ನು ಮೀರಿದುದಿಲ್ಲ. ಮಳೆಯಿಲ್ಲದ ತಿಂಗಳುಗಳಲ್ಲಿಯೂ ಮಹಾನದಿಗಳ ಹರಿವು ಒಮ್ಮೆಲೇ ನಿಂತುಹೋಗುವುದಿಲ್ಲ. ಹಾಗಾದರೆ ನದಿಗೆ ಈ ನೀರು ಬರುವುದೆಲ್ಲಿಂದ? ಇಂದು ಶಾಲೆಯ ಬಾಲಕನೂ ಉತ್ತರ ಹೇಳಬಲ್ಲ ಈ ಪ್ರಶ್ನೆಯು ಬಹುಕಾಲ ವಿದ್ವಾಂಸರನ್ನು ಕಾಡಿತೆಂದರೆ ಶ್ರೋತೃಗಳಿಗೆ ಆಶ್ಚರ್ಯವಾದೀತು.

ಯೂರೋಪಿನ ಪ್ರಾಚೀನರಲ್ಲಿ ಹಲವರಿಗೆ ಮಳೆಯಲ್ಲಿ ವಿಶ್ವಾಸವಿರಲಿಲ್ಲ. ನದಿಗಳನ್ನು ತುಂಬುವುದಕ್ಕೆ ಅದು ಸಾಲದೆಂದೇ ಅವರ ಭಾವನೆ. ದ್ರಾಕ್ಷಿಯ ತೋಟವನ್ನು ಅಗೆದು ಬಲ್ಲ ರೋಮಿನ ಸೆನೆಕನು, ಎಂತಹ ಮಳೆಯೂ ಹತ್ತು ಅಡಿಗಿಂತ ಕೆಳಕ್ಕೆ ಇಳಿಯದೆಂದು ಸಾಕ್ಷ್ಯ ನುಡಿದನು. ಸಮುದ್ರದ ನೀರೇ ನೆಲದೊಳಗಣ ಗುಹೆಗಳಿಂದ ಪರ್ವತಕ್ಕೇರಿ, ಉಪ್ಪನ್ನು ಕಳೆದುಕೊಂಡು ಬುಗ್ಗೆಯಾಗುತ್ತದೆಂಬ ವಾದವು ಬೆಳೆಯಿತು. 1665ರಲ್ಲಿ ಕೂಡ ಕಿರ್ಚರ್ ಪಂಡಿತನು ಇದನ್ನು ಚಿತ್ರಸಹಿತವಾಗಿ ವಿವರಿಸಿದನು.

ನಮ್ಮ ದೇಶದಲ್ಲಿ ಸೂರ್ಯನು ನೀರನ್ನು ಹೀರಿ ಮಳೆಯಾಗಿ ಮರಳಿಸುತ್ತಾನೆಂಬ ಕಲ್ಪನೆ ಹಳೆಯದು. ಕಾಳಿದಾಸನು ದಿಲೀಪನ ಕಂದಾಯಕ್ಕೆ ಇದನ್ನೇ ಹೋಲಿಕೆಯಾಗಿ ತಂದನು. ಮಳೆಯನ್ನು ಅಳೆಯುವ ಕ್ರಮವೂ ಉಂಟು. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಮೊದಲು ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದ ಮುಂದೆ ಒಂದು ಮೊಳದ ಬಾಯಿಯ ಪಾತ್ರೆಯನ್ನಿಡಬೇಕೆಂದು ವಿಧಿಸಿದೆ. ಒಣಭೂಮಿಗೆ 16 ದ್ರೋಣ, ಅವಂತಿಗೆ 23 ದ್ರೋಣ, ಪಡುವಣ ಕರಾವಳಿಗೆ ಅಳತೆಯೇ ಇಲ್ಲವೆಂದು ಲೆಕ್ಕ ಕೊಟ್ಟಿದೆ. ಆದರೆ ಈ ಅಳತೆ ಬಿತ್ತನೆಗಾಗಿ. ನದಿಯ ಹರಿವಿನೊಡನೆ ತಾಳೆ ನೋಡುವುದಕ್ಕಲ್ಲ.

ಹಾಗೆ ತಾಳೆ ನೋಡಿದವನು ಫ್ರಾನ್ಸಿನ ಪಿಯರ್ ಪೆರೋ. ಇವನು ವಿಜ್ಞಾನಿಯಲ್ಲ, ಪ್ಯಾರಿಸಿನಲ್ಲಿ ರಾಜನ ತೆರಿಗೆಯನ್ನು ನೋಡಿಕೊಳ್ಳುತ್ತಿದ್ದು, 1664ರಲ್ಲಿ ಅಧಿಕಾರವನ್ನು ಕಳೆದುಕೊಂಡವನು. ಹತ್ತು ವರ್ಷಗಳ ಮೇಲೆ, 1674ರಲ್ಲಿ, ತನ್ನ ಹೆಸರನ್ನು ಹಾಕದೆ ಒಂದು ಪುಸ್ತಕವನ್ನು ಪ್ರಕಟಿಸಿದನು. ಸೇನ್ ನದಿಯ ಮೂಲಪ್ರದೇಶವೊಂದನ್ನು ಆರಿಸಿ, ಅಲ್ಲಿ ಬಿದ್ದ ಮಳೆಯನ್ನು ಆಯವೆಂದೂ ನದಿಯಲ್ಲಿ ಹರಿದ ನೀರನ್ನು ವ್ಯಯವೆಂದೂ ಬರೆದುನೋಡಿದನು. ಮಳೆಯ ಆರನೆಯ ಒಂದು ಭಾಗವೇ ನದಿಗೆ ಸಾಕಾಗಿತ್ತು! ಸಾಲದೆಂದು ತಿಳಿದಿದ್ದ ಮಳೆ ಆರು ಪಾಲು ಹೆಚ್ಚಾಗಿಯೇ ಇದ್ದಿತು.

ಆದರೂ ಮಳೆಯು ನೆಲದ ಆಳಕ್ಕೆ ಇಳಿಯುವುದೆಂಬುದನ್ನು ಪೆರೋ ಒಪ್ಪಲಿಲ್ಲ. ಆ ಸಂಶಯವನ್ನು ಬಿಡಿಸಿದವನು ಮರಿಯೋಟ್. ಪ್ಯಾರಿಸಿನ ವೀಕ್ಷಣಾಲಯದ ನೆಲಮಾಳಿಗೆಯಲ್ಲಿ ಜಿನುಗುವ ನೀರು ಮಳೆ ಹೆಚ್ಚಿದಾಗ ಹೆಚ್ಚಿ, ಕಡಮೆಯಾದಾಗ ಇಳಿಯುವುದನ್ನು ಅವನು ತೋರಿಸಿದನು. ಇನ್ನುಳಿದುದು ಸಮುದ್ರದಿಂದ ಆಕಾಶಕ್ಕೆ ಏರುವ ದಾರಿ. 1687ರಲ್ಲಿ ಇಂಗ್ಲೆಂಡಿನ ಹ್ಯಾಲಿಯು ಬಾಣಲೆಯೊಂದರಲ್ಲಿ ನೀರನ್ನು ಬೆಚ್ಚಗಿಟ್ಟು, ಆವಿಯಾದುದನ್ನು ತೂಗಿ, ಮೆಡಿಟರೇನಿಯನ್ ಸಮುದ್ರದಿಂದ ಬೇಸಗೆಯ ಒಂದು ದಿನದಲ್ಲಿ 528 ಕೋಟಿ ಟನ್ ನೀರು ಮೇಲೇರುವುದೆಂದು ಎಣಿಸಿದನು. ಒಂಬತ್ತು ದೊಡ್ಡ ನದಿಗಳು ತರುವುದು ಸುಮಾರು 183 ಕೋಟಿ ಟನ್. ಈ ಅಂಕಿಗಳು ಅಂದಾಜಿನವು. ಆದರೆ ಸಮುದ್ರವೇಕೆ ಉಕ್ಕುವುದಿಲ್ಲವೆಂಬುದು ಇವುಗಳಿಂದ ಸ್ಪಷ್ಟವಾಯಿತು. ಹೀಗೆ ಇಪ್ಪತ್ತು ವರ್ಷ ತುಂಬುವುದರೊಳಗೆ ಚಕ್ರದ ಮುಖ್ಯ ಕೊಂಡಿಗಳೆಲ್ಲ ಅಳತೆಗೆ ಸಿಕ್ಕಿದವು.

ಚಕ್ರವು ತಿರುಗುತ್ತಿರುವಾಗ ನೀರಿಗೆ ಕೊರತೆಯೇಕೆಂದು ಕೆಲವರು ಕೇಳಬಹುದು. ಚಕ್ರದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಆಕಾಶಕ್ಕೇರಿದ ಆವಿಯು ಸರಾಸರಿ ಒಂಬತ್ತು ಹತ್ತು ದಿನಗಳಲ್ಲಿ ಮಳೆಯಾಗಿ ಇಳಿಯುತ್ತದೆ; ನೆಲದ ಆಳಕ್ಕಿಳಿದ ನೀರು ಹಲವೆಡೆ ಸಾವಿರಾರು ವರ್ಷ ಅಲ್ಲಿಯೇ ತಂಗಿರುತ್ತದೆ. ಕೊಳವೆಬಾವಿಗಳಿಂದ ನಾವು ಒಂದು ದಿನದಲ್ಲಿ ಎತ್ತುವುದನ್ನು ನೆಲವು ಒಂದು ದಿನದಲ್ಲಿ ತುಂಬಿಕೊಡಲಾರದು. ಭೂಮಿಯ ಒಟ್ಟು ನೀರು ಕಡಮೆಯಾಗದಿದ್ದರೂ ಊರಿನ ಬಾವಿ ಬತ್ತುವುದು ಹೀಗೆ. ಕೆಲಸ ಕಳೆದುಕೊಂಡ ಆ ಕರಣಿಕನು ನದಿಗೆ ಬರೆದ ಆಯವ್ಯಯದ ಪಟ್ಟಿಯನ್ನು, ನಾವು ನಮ್ಮ ನಮ್ಮ ಊರುಗಳ ನೀರಿಗೆ ಬರೆಯುವುದು ಇನ್ನೂ ಉಳಿದಿದೆ.