ಕಿವಿಯ ಪಾಠ, ಕೈಯ ಪಾಠ

ಸಂಜೆಯ ಹೊತ್ತು ನಿಮ್ಮ ಮನೆಯಲ್ಲಿ ರೇಡಿಯೋ ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ಮಕ್ಕಳ ಕಾರ್ಯಕ್ರಮ ಬರುತ್ತಿದೆ. ಎಂಟು ವರ್ಷದ ಮಗಳು ಹತ್ತಿರ ಬಂದು ಕುಳಿತು, ಗಲ್ಲಕ್ಕೆ ಕೈಯೂರಿ ಕೇಳುತ್ತಿದ್ದಾಳೆ. ಬೀಜ ಹೇಗೆ ಮೊಳೆಯುತ್ತದೆ, ಬೇರು ಯಾವ ಕಡೆಗೆ ಇಳಿಯುತ್ತದೆ ಎಂಬುದನ್ನು ಯಾರೋ ಸೊಗಸಾಗಿ ಹೇಳುತ್ತಿದ್ದಾರೆ. ಕಾರ್ಯಕ್ರಮ ಮುಗಿಯುತ್ತದೆ, ವಾರ್ತೆ ಮೊದಲಾಗುತ್ತದೆ. ಮಗು ಎದ್ದು ಹೋಗುತ್ತದೆ. ಕೇಳಿದ್ದು ಕಿವಿಯಲ್ಲೇ ಉಳಿಯಿತೆ, ಇಲ್ಲವೆ ಒಳಗೆ ಇಳಿಯಿತೆ? ನಿಮಗೂ ತಿಳಿಯದು, ಹೇಳಿದವರಿಗಂತೂ ತಿಳಿಯದು.

ಶಾಲೆಗೆ ಹೊಸ ಉಪಕರಣವೊಂದು ಬಂದಾಗಲೆಲ್ಲ ಈ ಪ್ರಶ್ನೆ ಎದ್ದಿದೆ. ರೇಡಿಯೋ ಬಂದಾಗ ಎದ್ದಿತು, ಟೆಲಿವಿಷನ್ ಬಂದಾಗ ಎದ್ದಿತು. ಕೈಯಲ್ಲಿ ಹಿಡಿಯುವ ಫೋನು ಬಂದ ಮೇಲೆ ಇನ್ನೂ ಗಟ್ಟಿಯಾಗಿ ಎದ್ದಿದೆ. ಆದುದರಿಂದ ನಮ್ಮ ನಾಡಿನ ಪಾಠಶಾಲೆಗಳ ಹಿಂದಿನ ಕಥೆಯನ್ನು ಸ್ವಲ್ಪ ತಿರುವಿಹಾಕಿದರೆ ನಷ್ಟವೇನೂ ಇಲ್ಲ.

1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಏನು ಕಲಿಸುತ್ತಾರೆ ಎಂದು ವರದಿ ಕೇಳಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ ಎಂಬಾತನು 1823ರ ಆಗಸ್ಟಿನಲ್ಲಿ ಕಳುಹಿಸಿದ ಉತ್ತರ ಇಂದಿಗೂ ಓದತಕ್ಕದ್ದಾಗಿದೆ. ಆತನ ಲೆಕ್ಕದಂತೆ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಕಲಿಯುತ್ತಿದ್ದವರು 6,641 ಮಂದಿ.

ಆ ಶಾಲೆಗಳಲ್ಲಿ ಅಕ್ಷರ ಕಲಿಸುತ್ತಿದ್ದ ಕ್ರಮವನ್ನು ಕ್ಯಾಂಬೆಲ್ ವಿವರವಾಗಿ ಬರೆದಿದ್ದಾನೆ. ಶಾಲೆಗೆ ಸೇರಿದ ಮಗು ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ಬರೆಯಬೇಕು. ಯೂರೋಪಿನಲ್ಲಿ ಮಕ್ಕಳು ಮೊದಲು ಅಕ್ಷರಮಾಲೆಯನ್ನು ಬಾಯಲ್ಲಿ ಹೇಳಿ ಕಲಿಯುತ್ತಾರೆ, ಇಲ್ಲಿ ಬರೆದೇ ಕಲಿಯುತ್ತಾರೆ ಎಂಬುದು ಆತನಿಗೆ ವಿಶೇಷವಾಗಿ ಕಂಡಿತು. ಬೆರಳು ಪಳಗಿದ ಮೇಲೆ ಮಗುವಿನ ಕೈಗೆ ಹಲಗೆಯೋ ಕಡತವೋ ಬರುತ್ತಿತ್ತು. ಹಲಗೆಯೆಂದರೆ ಮೂರಡಿ ಉದ್ದ, ಒಂದಡಿ ಅಗಲದ ಮರದ ತುಂಡು. ಅದಕ್ಕೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಸೇರಿಸಿ ಬಳಿಯುತ್ತಿದ್ದರು. ಕಡತವೆಂದರೆ ಗಂಜಿ ಹಾಕಿ ಬಿರುಸು ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಸವರಿದ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆಯಬಹುದು, ಒದ್ದೆ ಬಟ್ಟೆಯಿಂದ ಒರೆಸಬಹುದು. ಈಗ ಕಚೇರಿಯ ಗುಮಾಸ್ತರು ‘ಕಡತ’ ಎಂದರೆ ಕಾಗದದ ಫೈಲು ಎಂದೇ ಅರ್ಥ. ಆ ಮಾತು ಒಂದು ಕಾಲದಲ್ಲಿ ಹುಡುಗರ ಕಂಕುಳಲ್ಲಿದ್ದ ಕಪ್ಪು ಬಟ್ಟೆಯ ಪುಸ್ತಕಕ್ಕೂ ಸಲ್ಲುತ್ತಿತ್ತು ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ಈ ಮರಳ ಪಾಠ ಸಮುದ್ರವನ್ನೂ ದಾಟಿತು. ಮದರಾಸಿನ ಎಗ್ಮೋರಿನಲ್ಲಿ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಪಾದ್ರಿ ಆಂಡ್ರ್ಯೂ ಬೆಲ್ ಎಂಬಾತನು ದೇಶೀಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲಿಯೂ ಅದನ್ನೇ ತಂದನು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯನ್ನೂ ಅದಕ್ಕೆ ಸೇರಿಸಿದನು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಅಚ್ಚು ಹಾಕಿಸಿದನು. ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಅದು ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದಲೇ ಹರಡಿತು.

ಹಾಗೆಂದು ಹಳೆಯದನ್ನೆಲ್ಲ ಹೊಗಳಿ ಕೂರುವುದು ನ್ಯಾಯವಲ್ಲ. ಅದೇ ಕ್ಯಾಂಬೆಲ್ ಎರಡು ದೊಡ್ಡ ಕೊರತೆಗಳಿಗೂ ಸಾಕ್ಷಿಯಾಗಿದ್ದಾನೆ. ಮಕ್ಕಳು ಹಳೆಯ ಕಾವ್ಯಭಾಷೆಯ ಪದ್ಯಗಳನ್ನು ಗಿಳಿಪಾಠದಂತೆ ಒಪ್ಪಿಸುತ್ತಿದ್ದರು. ಅರ್ಥ ಅವರಿಗೆ ತಿಳಿಯದು, ಅನೇಕ ವೇಳೆ ಗುರುಗಳಿಗೂ ತಿಳಿಯದು. ಇನ್ನೊಂದು, ಆ 6,641 ಮಂದಿಯಲ್ಲಿ ಹೆಣ್ಣುಮಕ್ಕಳು ಕೇವಲ 60. ಅಂದರೆ ಒಳಗೆ ಬಂದ ಮಗುವಿನ ಕೈಗೆ ಕೆಲಸವಿದ್ದಿತು, ಮನಸ್ಸಿಗೆ ಸಾಕಷ್ಟು ಇರಲಿಲ್ಲ. ಬಾಗಿಲಂತೂ ಬಹಳ ಮಂದಿಗೆ ಮುಚ್ಚಿದ್ದಿತು.

ಮುಂದಿನ ನೂರು ವರ್ಷಗಳಲ್ಲಿ ಬಾಗಿಲು ಸ್ವಲ್ಪ ಸ್ವಲ್ಪವಾಗಿ ತೆರೆಯಿತು. ಸ್ಲೇಟು ಬಂದಿತು, ಅಚ್ಚಿನ ಪುಸ್ತಕ ಬಂದಿತು, ಕರಿಹಲಗೆ ಬಂದಿತು, ಪರೀಕ್ಷೆಯೂ ಬಂದಿತು. ಆದರೆ ಗಿಳಿಪಾಠ ಮಾತ್ರ ಹೋಗಲಿಲ್ಲ. ಮೇಷ್ಟರು ಹಲಗೆಯ ಮೇಲೆ ಬರೆಯುವುದು, ಮಕ್ಕಳು ನೋಡಿಕೊಂಡು ಬರೆದು ಉರುಹಾಕುವುದು, ಇದೇ ವಿದ್ಯೆಯೆಂಬ ಭಾವನೆ ಬೇರೂರಿತು. ಕೈಗೆ ಉಳಿದದ್ದು ನಕಲು ಮಾಡುವ ಕೆಲಸವೊಂದೇ.

ಇದಕ್ಕೆ ಎದುರಾಗಿ ದೊಡ್ಡ ದನಿ ಎತ್ತಿದವರು ಗಾಂಧೀಜಿ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಶಿಕ್ಷಣತಜ್ಞರ ಸಭೆ ಕೂಡಿತು, ಡಾ. ಜಾಕಿರ್ ಹುಸೇನರ ಸಮಿತಿ ಪಾಠಕ್ರಮವನ್ನು ಸಿದ್ಧಪಡಿಸಿತು. ಕೈಕಸುಬನ್ನು ಪಾಠದ ಪಕ್ಕದಲ್ಲಿ ಇಡುವುದಲ್ಲ, ಕಸುಬಿನ ಮೂಲಕವೇ ಪಾಠ ಹೇಳುವುದು ಅದರ ತಿರುಳು. ತಕಲಿಯಲ್ಲಿ ನೂಲುವ ಮಗು ಎಳೆಗಳನ್ನೆಣಿಸುತ್ತ ಗಣಿತ ಕಲಿಯಬೇಕು. ಹತ್ತಿ ಬೆಳೆಯುವ ಮಣ್ಣನ್ನು ಕೇಳುತ್ತ ಭೂಗೋಳಕ್ಕೆ, ಬಟ್ಟೆಯ ವ್ಯಾಪಾರವನ್ನು ಕೇಳುತ್ತ ಚರಿತ್ರೆಗೆ ಬರಬೇಕು. ಆಲೋಚನೆ ದೊಡ್ಡದು. ಆದರೆ ಬಹಳ ಕಡೆ ಆಚರಣೆಗೆ ಬರುವಾಗ ನೂಲುವುದು ವೇಳಾಪಟ್ಟಿಯ ಒಂದು ಗಂಟೆಯಾಯಿತು, ಗಣಿತ ಇನ್ನೊಂದು ಗಂಟೆಯಾಯಿತು. ಎರಡಕ್ಕೂ ಸಂಬಂಧವೇ ಉಳಿಯಲಿಲ್ಲ. ಕೈ ದುಡಿಯಿತು, ಆದರೆ ಯೋಚಿಸಲಿಲ್ಲ. ಬರಿಯ ಕೈಗೆಲಸವೂ ಗಿಳಿಪಾಠವಾಗಬಲ್ಲದು ಎಂಬುದನ್ನು ಇದರಿಂದ ತಿಳಿಯಬೇಕು.

ಇದಕ್ಕೆ ಎರಡು ವರ್ಷ ಮೊದಲೇ, 1935ರಲ್ಲಿ, ಮೈಸೂರಿನಲ್ಲಿ ಇನ್ನೊಂದು ಸಾಹಸ ನಡೆದಿದ್ದಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು; ದೇಶದ ರೇಡಿಯೋಗೆಲ್ಲ ಆ ಹೆಸರು ಬಂದದ್ದು ಅನಂತರ. ಈ ನಾಡಿನ ಮೊದಲ ಪ್ರಸಾರವನ್ನು ಹೊರಡಿಸಿದವರು ವರ್ತಕರಲ್ಲ, ಒಬ್ಬ ಮೇಷ್ಟರು ಎಂಬುದು ಸಂತೋಷಪಡತಕ್ಕ ಮಾತು.

ರೇಡಿಯೋ ಪಾಠದ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟಿದವು. ಒಬ್ಬ ಒಳ್ಳೆಯ ಉಪಾಧ್ಯಾಯರ ದನಿ ಏಕಕಾಲಕ್ಕೆ ನೂರು ಊರುಗಳನ್ನು ಮುಟ್ಟುತ್ತದೆ. ಆದರೆ ಆ ದನಿ ಯಾರಿಗೂ ಕಾಯುವುದಿಲ್ಲ. ಹಿಂದಿನ ಬೆಂಚಿನ ಹುಡುಗ ಹುಬ್ಬು ಗಂಟಿಕ್ಕಿದ್ದನ್ನು ಅದು ಕಾಣದು. ಅದಕ್ಕಾಗಿಯೇ, ಪ್ರಸಾರಕ್ಕೆ ಮುಂಚೆ ಮಕ್ಕಳನ್ನು ಸಿದ್ಧಗೊಳಿಸಿ, ಮುಗಿದ ಮೇಲೆ ಅವರಿಂದ ಏನನ್ನಾದರೂ ಮಾಡಿಸುವ ಉಪಾಧ್ಯಾಯರು ಇದ್ದ ತರಗತಿಯಲ್ಲಿ ಶಾಲಾ ಪ್ರಸಾರ ಫಲ ಕೊಡುತ್ತದೆ. ರೇಡಿಯೋ ಹಾಕಿ ಹೊರಗೆ ಹೋದವರ ತರಗತಿಯಲ್ಲಿ ಕೊಡುವುದಿಲ್ಲ.

ಇನ್ನು ದೃಶ್ಯದ ಕಾಲಕ್ಕೆ ಬರೋಣ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ ಭಾರತದಲ್ಲಿ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ಕಳುಹಿಸಿದರು. ನಮ್ಮ ರಾಜ್ಯದಿಂದ ರಾಯಚೂರು, ಅಂದಿನ ಹೆಸರಿನ ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ತಂತಿಬಲೆಯಿಂದ ಮಾಡಿದ ಹತ್ತಡಿಯ ದೊಡ್ಡ ಬೋಗುಣಿಯಂಥ ಆಂಟೆನಾ, ಅದರ ಕೆಳಗೆ ಒಂದು ಟಿ.ವಿ. ಪೆಟ್ಟಿಗೆ, ಕರೆಂಟಿಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿ. ಬೆಳಗಿನ ಒಂದೂವರೆ ಗಂಟೆಯನ್ನು ಕನ್ನಡ, ತೆಲುಗು, ಹಿಂದಿ, ಒರಿಯಾ ಈ ನಾಲ್ಕು ಭಾಷೆಗಳ ಮಕ್ಕಳಿಗೆ ಹಂಚಿದ್ದರು. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಿಂದ ಬಂದ ಚಿತ್ರವನ್ನು, ಸಿನೆಮಾವನ್ನೂ ಅಪರೂಪಕ್ಕೆ ಕಂಡ ಮಕ್ಕಳು ತಮ್ಮ ಶಾಲೆಯಲ್ಲೇ ಕುಳಿತು ನೋಡಿದರು.

ಆದರೆ ಆ ವರ್ಷದಲ್ಲಿ ನಾವು ಹೆಚ್ಚು ಗಮನಿಸಬೇಕಾದ ಕೆಲಸ ಬೇರೆ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ ಕಲಿಸುವ ಬಗೆಯನ್ನು ಹೇಳಿಕೊಡಲು ಹನ್ನೆರಡು ದಿನಗಳ ತರಬೇತಿ ನಡೆಯಿತು. ಟಿ.ವಿ.ಯಲ್ಲಿ ಪಾಠ ನೋಡುವುದು, ರೇಡಿಯೋದಲ್ಲಿ ವಿವರಣೆ ಕೇಳುವುದು, ಕೈಪಿಡಿ ಓದುವುದು, ಅನಂತರ ಸುಲಭವಾಗಿ ಸಿಗುವ ಸಾಮಗ್ರಿಗಳಿಂದ ತಾವೇ ಪ್ರಯೋಗ ಮಾಡುವುದು, ಜೊತೆಯವರೊಡನೆ ಚರ್ಚಿಸುವುದು. ಇಷ್ಟೂ ಒಂದೇ ಕಟ್ಟಿನಲ್ಲಿದ್ದವು. ಸಾವಿರಾರು ಉಪಾಧ್ಯಾಯರು ಹೀಗೆ ಕಲಿತರು. ಉಪಗ್ರಹವನ್ನು ಎರವಲು ತಂದವರು ಉಪಗ್ರಹ ಒಂದೇ ಸಾಕೆಂದು ತಿಳಿಯಲಿಲ್ಲ ಎಂಬುದು ಅವರ ವಿವೇಕ.

ಅದೇ ಎಪ್ಪತ್ತರ ದಶಕದಲ್ಲಿ, ಯಾವ ಯಂತ್ರದ ನೆರವೂ ಇಲ್ಲದೆ, ಇನ್ನೊಂದು ಪ್ರಯೋಗ ಕೋಲಾರ ಜಿಲ್ಲೆಯಲ್ಲಿ ನಡೆಯುತ್ತಿದ್ದಿತು. ಡೇವಿಡ್ ಹಾರ್ಸ್‌ಬರೋ ಎಂಬ ಶಿಕ್ಷಕರು 1972ರಲ್ಲಿ ರಾಯಲ್ಪಾಡಿನ ಬಳಿ ‘ನೀಲ್‌ಬಾಗ್’ ಎಂಬ ಚಿಕ್ಕ ಹಳ್ಳಿಶಾಲೆ ತೆರೆದರು. ಅಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕುಳಿತು, ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಕಲಿಯುತ್ತಿದ್ದರು. ಮರಗೆಲಸ, ತೋಟದ ಕೆಲಸಗಳೂ ಪಾಠವೇ. ಅಲ್ಲಿ ತರಬೇತಾದವರು ಆಂಧ್ರದ ರಿಷಿವ್ಯಾಲಿಯ ಸುತ್ತಣ ಹಳ್ಳಿಶಾಲೆಗಳಲ್ಲಿ ಆ ಕ್ರಮವನ್ನು ಕಾರ್ಡುಗಳ ರೂಪದಲ್ಲಿ ಬೆಳೆಸಿದರು. ಆ ಶಾಲೆಗಳನ್ನು ನೋಡಿ ಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಉಪಾಧ್ಯಾಯರು 1995ರಲ್ಲಿ ತಮ್ಮಲ್ಲಿಯೂ ಅದನ್ನು ಆರಂಭಿಸಿದರು. ಇದೇ ‘ನಲಿ-ಕಲಿ’. ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ನೋಡಿ, ತನ್ನ ಕಾರ್ಡನ್ನು ತಾನೇ ಹುಡುಕಿ ತಂದು, ಕಾಳು, ಕಡ್ಡಿ, ಕಲ್ಲುಗಳಿಂದ ಲೆಕ್ಕ ಮಾಡುತ್ತದೆ. ಮೇಷ್ಟರು ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತರು. ಕರಿಹಲಗೆಯೂ ಮಗುವಿನ ಕೈಗೆಟಕುವಷ್ಟು ಕೆಳಗಿಳಿಯಿತು. 2009ರಿಂದ ಇದು ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹಬ್ಬಿತು. ಹಬ್ಬಿದ ಕಡೆಯೆಲ್ಲ ಒಂದೇ ಹುರುಪು ಇದ್ದಿತೆಂದು ಹೇಳಲಾಗದು. ಕಾರ್ಡು ಹಂಚುವುದು ಸುಲಭ, ಮಗುವಿನ ಪಕ್ಕದಲ್ಲಿ ಕೂರುವುದು ಕಷ್ಟ. ಪುಸ್ತಕವೆಲ್ಲಿ ಎಂದು ಕೇಳಿದ ತಂದೆತಾಯಿಯರೂ ಇದ್ದರು.

ಹೆಗ್ಗಡದೇವನಕೋಟೆಗೆ ದೂರವಲ್ಲದ ಚಾಮರಾಜನಗರ ಜಿಲ್ಲೆಗೆ ಇನ್ನೊಂದು ಬಗೆಯ ಪಾಠ ಬಂದಿತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಹಾರಿದ ‘ಎಜುಸ್ಯಾಟ್’, ಶಿಕ್ಷಣಕ್ಕೆಂದೇ ಮೀಸಲಾದ ನಮ್ಮ ದೇಶದ ಮೊದಲ ಉಪಗ್ರಹ. ಅದರ ಪಾಠಗಳನ್ನು ಮೊದಲಿಗೆ ಪಡೆದ ಪ್ರಾಥಮಿಕ ಶಾಲೆಗಳಲ್ಲಿ ಚಾಮರಾಜನಗರದವೂ ಸೇರಿವೆ. ಸೈಟ್ ಕಾಲದ ಎರವಲು ಉಪಗ್ರಹದ ಬದಲು ಈಗ ಸ್ವಂತದ್ದು. ಆದರೂ 2010ರಲ್ಲಿ ಅದರ ಆಯುಷ್ಯ ಮುಗಿಯಿತು. ಯಂತ್ರಗಳ ಆಯುಷ್ಯ ಇಷ್ಟೇ. ಹಲಗೆ, ಕಡತ, ಸ್ಲೇಟುಗಳೂ ಹೋದವಲ್ಲವೆ?

2020ರ ಮಾರ್ಚಿನಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ, ಇಷ್ಟೂ ಪ್ರಶ್ನೆಗಳು ನಮ್ಮ ನಮ್ಮ ಮನೆಯೊಳಕ್ಕೇ ಬಂದವು. ಪಾಠ ಫೋನಿಗೆ ಬಂದಿತು, ದೂರದರ್ಶನದ ಚಂದನ ವಾಹಿನಿಗೆ ಬಂದಿತು. ಮನೆಗೊಂದೇ ಫೋನು ಇದ್ದು, ಅದು ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗುವ ಸಂಸಾರಗಳಲ್ಲಿ ಪಾಠವೂ ಅದರೊಂದಿಗೆ ಹೊರಟುಹೋಯಿತು. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರ ‘ವಿದ್ಯಾಗಮ’ವನ್ನು ಆರಂಭಿಸಿದಾಗ, ಉಪಾಧ್ಯಾಯರು ಗುಡಿಯ ಜಗಲಿಗೆ, ಮರದ ನೆರಳಿಗೆ ಮಕ್ಕಳನ್ನು ಹುಡುಕಿಕೊಂಡು ಹೋದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಸುಮಾರು ಒಂದೂವರೆ ವರ್ಷ ಕಳೆದು ಶಾಲೆಗೆ ಮರಳಿದ ಅನೇಕ ಮಕ್ಕಳು ಕಲಿತ ಅಕ್ಷರವನ್ನೂ ಮರೆತಿದ್ದರು. ಅದನ್ನು ಸರಿಪಡಿಸಲೆಂದೇ 2022ರಲ್ಲಿ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮವನ್ನು ಹೂಡಬೇಕಾಯಿತು. ತೆರೆ ಇದ್ದ ಮನೆಗೂ ಇಲ್ಲದ ಮನೆಗೂ ನಡುವೆ ಎಷ್ಟು ಅಂತರ ಎಂಬುದನ್ನು ನಾವೆಲ್ಲ ಕಣ್ಣಾರೆ ಕಂಡೆವು. ತೆರೆ ಇದ್ದ ಮನೆಯಲ್ಲಿಯೂ ಮಗು ಒಂಟಿಯಾಗಿ ನೋಡುತ್ತ ಕುಳಿತಿದ್ದನ್ನು ಕಂಡೆವು.

ಈ ಇನ್ನೂರು ವರ್ಷದ ಕಥೆಯಿಂದ ಯಂತ್ರ ಬೇಡವೆಂದು ತಿಳಿಯಬಾರದು. ಬಳ್ಳಾರಿಯ 60 ಹೆಣ್ಣುಮಕ್ಕಳ ಲೆಕ್ಕವನ್ನು ನೆನೆಯಿರಿ. ಬಾಗಿಲೊಳಗೆ ಬರಲಾಗದವರ ಬಳಿಗೆ ಪಾಠವನ್ನು ಒಯ್ಯುವ ಶಕ್ತಿ ದನಿಗೂ ಚಿತ್ರಕ್ಕೂ ಉಂಟು. ಅದು ಸಣ್ಣ ಉಪಕಾರವಲ್ಲ. ಆದರೆ ಒಯ್ದು ಮುಟ್ಟಿಸುವುದು ಬೇರೆ, ಕಲಿಸುವುದು ಬೇರೆ. ಕಲಿಯಬೇಕಾದರೆ ಮಗುವಿನ ಕೈಗೆ ಕೆಲಸ ಬೇಕು. ಆ ಕೆಲಸ ಏಕೆ ಹೀಗಾಯಿತು ಎಂದು ಕೇಳುವ ಒಬ್ಬರು ಪಕ್ಕದಲ್ಲಿ ಬೇಕು. ಮರಳ ಶಾಲೆಯಲ್ಲಿ ಮೊದಲನೆಯದಿದ್ದು ಎರಡನೆಯದು ಕಡಿಮೆಯಾಯಿತು. ಒಂಟಿ ಮಗುವಿನ ಮುಂದಿನ ತೆರೆಯಲ್ಲಿ ಎರಡೂ ಇರಲಿಲ್ಲ.

ಶಾಲೆಯಲ್ಲಿ ಈ ಎರಡನ್ನೂ ಒದಗಿಸುವುದು ಸರ್ಕಾರದ ಮತ್ತು ಉಪಾಧ್ಯಾಯರ ಹೊಣೆ. ಒಬ್ಬರೇ ಮೇಷ್ಟರು ಐದು ತರಗತಿ ನೋಡಬೇಕಾದ ಶಾಲೆಗೆ ಹೊಸ ಪೆಟ್ಟಿಗೆ ಕಳುಹಿಸಿ ಕೈತೊಳೆದುಕೊಂಡರೆ ಆ ಹೊಣೆ ತೀರುವುದಿಲ್ಲ. ನಿಮ್ಮೂರಿನ ಶಾಲೆಗೆ ಹೊಸ ಉಪಕರಣ ಬಂದಿದೆಯೆಂದು ಕೇಳಿದಾಗ, ಅದರ ಬೆಲೆಯೆಷ್ಟು ಎಂದು ಕೇಳುವುದರ ಜೊತೆಗೆ, ಅದನ್ನು ನೋಡಿದ ಮೇಲೆ ಮಕ್ಕಳು ಏನು ಮಾಡುತ್ತಾರೆ ಎಂದೂ ವಿಚಾರಿಸಿ.

ಮನೆಯಲ್ಲಿ ಮಾಡಬೇಕಾದದ್ದು ಬಹಳ ಇಲ್ಲ. ಈ ತಿಂಗಳ ಪಟ್ಟಿಯಲ್ಲಿ ಮಕ್ಕಳ ಕಾರ್ಯಕ್ರಮದ ವೇಳೆಯನ್ನು ಗುರುತು ಹಾಕಿಕೊಳ್ಳಿ. ಮಗಳೊಡನೆ ನೀವೂ ಕುಳಿತು ಕೇಳಿ. ಬೀಜದ ಮಾತು ಮುಗಿದೊಡನೆ ರೇಡಿಯೋ ಆರಿಸಿ, ಅಡಿಗೆಮನೆಯಿಂದ ಒಂದು ಹಿಡಿ ಹೆಸರುಕಾಳು ತಂದು ಅವಳ ಕೈಗೆ ಕೊಡಿ. ಒಂದು ರಾತ್ರಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಲಿ. ಮರುದಿನ ಗಂಟು ಬಿಚ್ಚಿದಾಗ, ಕೆಲವು ಕಾಳು ಮೊಳೆತು ಕೆಲವು ಹಾಗೆಯೇ ಉಳಿದಿರುತ್ತವೆ. ಏಕೆ ಎಂದು ಅವಳೇ ಕೇಳುತ್ತಾಳೆ. ಉತ್ತರ ನಿಮಗೆ ತಿಳಿಯದಿದ್ದರೂ ಚಿಂತೆಯಿಲ್ಲ. ಇಬ್ಬರೂ ಇನ್ನೊಂದು ಹಿಡಿ ನೆನೆಹಾಕಿ ನೋಡಿ.